ಕರಿಯ ಕಡತದಿಂದ ಕಂಪ್ಯೂಟರಿನ ಕಡತದವರೆಗೆ

ಸರಕಾರಿ ಕಚೇರಿಗಳಲ್ಲಿ ‘ಫೈಲು’ ಎಂಬ ಮಾತಿಗೆ ಪ್ರತಿಯಾಗಿ ‘ಕಡತ’ವೆಂದು ಬರೆಯುವುದು ರೂಢಿಯಾಗಿದೆ. ಕಂಪ್ಯೂಟರಿನೊಳಗೆ ಅಡಗಿರುವ ಚಿತ್ರ, ಧ್ವನಿ, ಲೆಕ್ಕಪತ್ರಗಳನ್ನೂ ಕನ್ನಡದಲ್ಲಿ ಕಡತಗಳೆಂದೇ ಕರೆಯುವರು. ಆದರೆ ಈ ಮಾತಿನ ಮೂಲವಸ್ತುವನ್ನು ಕಣ್ಣಾರೆ ಕಂಡವರು ಪಟ್ಟಣಗಳಲ್ಲಿ ವಿರಳ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿ ಸಿದ್ಧಪಡಿಸಿದ ಕರಿಯ ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಅಳಿಸಿ, ಮತ್ತೆ ಕಪ್ಪು ಬಳಿದು, ಹೊಸದಾಗಿ ಬರೆಯಲೂ ಬರುತ್ತಿತ್ತು. ಅಳಿಸಬಹುದಾದ ಬರಹ, ಸುಲಭವಾಗಿ ಹೊತ್ತೊಯ್ಯಬಹುದಾದ ಕಟ್ಟು, ಮೇಲೊಂದು ಗುರುತು: ಈ ಮೂರು ಲಕ್ಷಣಗಳನ್ನು ನೋಡಿದರೆ, ಇಂದಿನ ಯಂತ್ರದ ಕಡತಕ್ಕೆ ಆ ಹೆಸರು ಬಂದುದು ಅನುಚಿತವೆನ್ನಲಾಗದು.

ತುಂಗಾತೀರದ ಶೃಂಗೇರಿಯ ಮಠದಲ್ಲಿ ಇಂಥ ಕಡತಗಳೂ, ಸನದುಗಳೂ, ನಿರೂಪಗಳೂ ತಲೆಮಾರುಗಳಿಂದ ಕೂಡಿಬಂದಿವೆ. ಒಡೆಯರೂ, ನಾಯಕರೂ, ಪೇಶ್ವೆಗಳೂ, ಸುಲ್ತಾನರೂ ಮಠಕ್ಕೆ ಬರೆದುದು, ಮಠವು ಅವರಿಗೆ ಬರೆದುದು, ಇವುಗಳ ನಡುವೆ ಅಕ್ಕಿ, ಅಡಕೆ, ಎಣ್ಣೆಗಳ ದಿನದಿನದ ಲೆಕ್ಕ. 1916ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ಈ ಸಂಗ್ರಹವನ್ನು ಪರಿಶೀಲಿಸಿದಾಗ ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಬರೆಯಿಸಿದ ಕನ್ನಡದ ಪತ್ರಗಳು ಬೆಳಕಿಗೆ ಬಂದವು. 1791ರಲ್ಲಿ ಮರಾಠಾ ಸೈನ್ಯದ ಸವಾರರು ಶೃಂಗೇರಿಯನ್ನು ಸೂರೆಗೊಂಡುದು, ಶಾರದಾಂಬೆಯ ವಿಗ್ರಹವು ಸ್ಥಾನಪಲ್ಲಟಗೊಂಡುದು, ಪುನಃಪ್ರತಿಷ್ಠೆಗೆ ಸುಲ್ತಾನನು ನೆರವು ನೀಡಿದುದು, ಇವೆಲ್ಲ ಆ ಕಾಗದಗಳಿಂದ ಜಗತ್ತಿಗೆ ತಿಳಿದವು. ನೂರಿಪ್ಪತ್ತೈದು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದ ಕಾಗದಗಳು ಒಂದು ಚರಿತ್ರೆಯ ಅಧ್ಯಾಯವನ್ನೇ ಬದಲಿಸಿದವು. ಆದರೆ ಕಾಗದವು ಸಿಕ್ಕಿದೊಡನೆ ಚರಿತ್ರೆಯು ಸಿಕ್ಕಿತೆಂದಲ್ಲ. ಅದು ಯಾವ ವರ್ಷದ್ದೆಂದು ಮೊದಲು ಗೊತ್ತಾಗಬೇಕು.

ಅರವತ್ತರ ಚಕ್ರ

ಹಳೆಯ ಕಾಗದ, ಓಲೆಗಳ ತೊಡಕೇ ಇಲ್ಲಿದೆ. ಬರೆದವರು ಅನೇಕ ವೇಳೆ ಶಕವರ್ಷವನ್ನು ಬಿಟ್ಟು ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನಷ್ಟೇ ಹೇಳಿ ನಿಲ್ಲಿಸುವರು. ಅವರಿಗೆ ಅಷ್ಟು ಸಾಕಾಗಿತ್ತು. ಓದುವವನೂ ಅದೇ ವರ್ಷದಲ್ಲಿ ಬದುಕಿದ್ದವನಲ್ಲವೆ! ಆದರೆ ಸಂವತ್ಸರಗಳು ಅರವತ್ತು. ಅರವತ್ತು ವರ್ಷಗಳಿಗೊಮ್ಮೆ ಅವೇ ಹೆಸರುಗಳು ಮರಳಿ ಬರುವುವು. ‘ವಿರೋಧಿಕೃತ್ ಸಂವತ್ಸರ’ವೆಂದು ಮಾತ್ರ ಬರೆದಿದ್ದರೆ ಅದು 1731ರ ಯುಗಾದಿಯಿಂದ ಮೊದಲಾದುದೋ, 1791ರದೋ, 1851ರದೋ?

ಇದನ್ನು ಬಿಡಿಸುವ ದಾರಿ ಎರಡು. ಕಾಗದದಲ್ಲಿ ಹೆಸರಿಸಿದ ಸ್ವಾಮಿಗಳು ಯಾರೆಂದು ನೋಡುವುದು ಮೊದಲನೆಯದು. ಮೂರನೆಯ ಸಚ್ಚಿದಾನಂದ ಭಾರತಿಗಳು ಪೀಠದಲ್ಲಿದ್ದುದು 1770ರಿಂದ 1814ರವರೆಗೆ. ಆ ಅವಧಿಯಲ್ಲಿ ವಿರೋಧಿಕೃತ್ ಬಂದುದು ಒಂದೇ ಸಲ. ಹೆಸರೂ ಇಲ್ಲದಿದ್ದರೆ ತಿಥಿಯನ್ನೂ ವಾರವನ್ನೂ ತಾಳೆ ನೋಡಬೇಕು. ಒಂದು ಚಕ್ರದಲ್ಲಿ ಆಷಾಢ ಶುದ್ಧ ದಶಮಿಯು ಬುಧವಾರ ಬಂದಿದ್ದರೆ ಇನ್ನೊಂದು ಚಕ್ರದಲ್ಲಿ ಬೇರೆ ವಾರ ಬಂದಿರುವ ಸಂಭವವೇ ಹೆಚ್ಚು. ಇಂಥ ಲೆಕ್ಕಕ್ಕೆಂದೇ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ಶತಮಾನಗಳ ಪಂಚಾಂಗವನ್ನು ಸಂಪುಟಗಳಲ್ಲಿ ಕಟ್ಟಿ 1922ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಶಾಸನ ಓದುವವರ ಮೇಜಿನಿಂದ ಆ ಗ್ರಂಥವು ಬಹುಕಾಲ ಕದಲಲಿಲ್ಲ.

ಟಿಪ್ಪುವಿನ ಆಡಳಿತದ ಕಾಗದಪತ್ರಗಳಲ್ಲಿ ಇನ್ನೊಂದು ಸ್ವಾರಸ್ಯವುಂಟು. ಸುಲ್ತಾನನು ತನ್ನದೇ ಆದ ಮೌಲೂದಿ ಶಕೆಯನ್ನು ಜಾರಿಗೆ ತಂದನು. ಅದರ ತಿಂಗಳುಗಳ ಹೆಸರುಗಳು ಅಹಮದಿ, ಬಹಾರಿ, ತಕಿ, ಸಮರಿ, ಜಾಫರಿ, ಹೈದರಿ ಎಂದು ಸಾಗುತ್ತವೆ. ಕೇಳಲು ಹೆಸರುಗಳಷ್ಟೆ, ಆದರೆ ಅರಬ್ಬೀ ವರ್ಣಮಾಲೆಯಲ್ಲಿ ಅವುಗಳ ಮೊದಲಕ್ಷರಗಳು ಕ್ರಮವಾಗಿ ಒಂದನೆಯದು, ಎರಡನೆಯದು, ಮೂರನೆಯದು. ಹೆಸರಿನ ತಲೆಯಲ್ಲಿಯೇ ತಿಂಗಳ ಸಂಖ್ಯೆಯಿದೆ! ವರ್ಷದ ಹೆಸರಾದರೆ ಇನ್ನೂ ಗೂಢ. 1219ನೆಯ ಮೌಲೂದಿ ವರ್ಷಕ್ಕೆ ‘ಜಬರ್ಜದ್’ ಎಂದು ಹೆಸರು; ಅದು ಒಂದು ರತ್ನದ ಹೆಸರು. ಸುಲ್ತಾನನು ಗೊತ್ತುಮಾಡಿದ ಬೆಲೆಗಳಂತೆ ಅದರ ಐದು ಅಕ್ಷರಗಳಿಗೆ 20, 2, 10, 5, 8. ಕೂಡಿದರೆ 45. ನಮ್ಮ ಸಂವತ್ಸರಗಳನ್ನು ಪ್ರಭವದಿಂದ ಎಣಿಸಿದರೆ ನಲವತ್ತೈದನೆಯದು ವಿರೋಧಿಕೃತ್. ಮುಂದಿನ ವರ್ಷದ ಹೆಸರು ‘ಸಹರ್’: 30, 6, 10; ಒಟ್ಟು 46; ಅದು ಪರಿಧಾವಿ. ಪಾರಸಿಯ ಹೆಸರಿನ ಬಸಿರಿನಲ್ಲಿ ಪಂಚಾಂಗದ ಸಂಖ್ಯೆಯು ಕುಳಿತಿರುವುದು ಹೀಗೆ.

ಈ ಹೆಸರನ್ನು ಕನ್ನಡದಲ್ಲಿ ಬರೆದಾಗ ಒಂದು ನಷ್ಟವೂ ಆಗುವುದನ್ನು ಗಮನಿಸಬೇಕು. ಮೂಲದಲ್ಲಿ ಬೇರೆ ಬೇರೆಯಾದ ಎರಡು ಅಕ್ಷರಗಳು, ಒಂದರ ಬೆಲೆ 20, ಇನ್ನೊಂದರದು 5, ನಮ್ಮ ಲಿಪಿಯಲ್ಲಿ ಒಂದೇ ಜಕಾರವಾಗಿಬಿಡುತ್ತವೆ. ಹೆಸರು ಉಳಿಯಿತು, ಅದರೊಳಗಿದ್ದ ಲೆಕ್ಕ ಹೋಯಿತು. ನಕಲು ಮಾಡುವಾಗ ಆಗುವ ಈ ಬಗೆಯ ಹಾನಿಯನ್ನು ಮುಂದೆ ಬೇರೊಂದು ವೇಷದಲ್ಲಿ ಕಾಣುವೆವು.

ಅಕ್ಷರಕ್ಕೆ ಅಂಕದ ಬೆಲೆ ಕಟ್ಟುವುದು ಸಂಗೀತ ಕಲಿಯುವ ಮನೆಗಳಿಗೆ ಹೊಸದಲ್ಲ. ಮಾಯಾಮಾಳವಗೌಳವೆಂಬ ಹೆಸರಿನ ‘ಮಾ’ ಐದು, ‘ಯಾ’ ಒಂದು. ಹಿಂದುಮುಂದು ಮಾಡಿದರೆ 15. ಅದು ಹದಿನೈದನೆಯ ಮೇಳಕರ್ತ. ಸರಳೆ ವರಸೆ ಹಾಡುವ ಹುಡುಗಿಗೂ ಈ ಗುಟ್ಟು ಗೊತ್ತು. ಹಾಗಿದ್ದರೂ ಅವಳ ಮನೆಯ ಕಪಾಟಿನಲ್ಲಿರುವ ಹಾರ್ಡ್ ಡಿಸ್ಕನ್ನು ತೆರೆದಾಗ ಕಾಣುವ ಹೆಸರುಗಳು ಮನೆಯವರೆಲ್ಲರನ್ನೂ ಕಂಗೆಡಿಸುತ್ತವೆ.

ಯಂತ್ರವಿಟ್ಟ ಹೆಸರು

ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಕಡೆಯ ಮನೆಗಳ ಮಕ್ಕಳು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ನೆಲಸಿರುವರು. ಅಜ್ಜನ ಸಹಸ್ರಚಂದ್ರದರ್ಶನ, ತಮ್ಮನ ಉಪನಯನ, ನವರಾತ್ರಿಯ ಉತ್ಸವ, ಎಲ್ಲವೂ ಚಲಚ್ಚಿತ್ರಗಳಾಗಿ ಒಂದು ಡಬ್ಬಿಯಲ್ಲಿ ಸೇರಿವೆ. ಆದರೆ ಹೆಸರುಗಳೋ? ಒಂದು ‘ಎಂವಿಐ_0417’; ಇನ್ನೊಂದು ‘00003.ಎಂಟಿಎಸ್’, ಮತ್ತೊಂದು ‘ವಿಟಿಎಸ್_01_2.ವಿಒಬಿ’, ಉಳಿದವು ಬರಿಯ ಅಂಕೆಗಳ ಸಾಲು. ಅಜ್ಜನ ಧ್ವನಿಯು ಯಾವುದರಲ್ಲಿದೆಯೆಂದು ತಿಳಿಯದೆ, ಸ್ಥಳ ಸಾಲದೆಂದು ಯಾರೋ ಒಂದು ದಿನ ಎಲ್ಲವನ್ನೂ ಅಳಿಸಿಬಿಡುವ ಅಪಾಯವು ದೂರದಲ್ಲೇನೂ ಇಲ್ಲ. ಓದಲು ಬಾರದ ಓಲೆಗಳ ಕಟ್ಟು ಒಲೆಗೆ ಹೋದ ಕಥೆಗಳನ್ನು ಮಲೆನಾಡು ಬಲ್ಲದು.

ಈ ಹೆಸರುಗಳು ಅರ್ಥವಿಲ್ಲದವಲ್ಲ. ಹಳೆಯ ಕಂಪ್ಯೂಟರುಗಳಲ್ಲಿ ಕಡತದ ಹೆಸರಿಗೆ ಎಂಟೇ ಅಕ್ಷರ, ಜಾತಿಯನ್ನು ಹೇಳುವ ಬಾಲಕ್ಕೆ ಮೂರೇ ಅಕ್ಷರ. 1998ರಲ್ಲಿ ಜಪಾನಿನ ತಯಾರಕರು ಕ್ಯಾಮೆರಾಗಳಿಗೆ ಒಂದು ಸಮಾನ ಪದ್ಧತಿಯನ್ನು ಗೊತ್ತುಮಾಡಿದಾಗ ಈ ಎಂಟನ್ನೇ ಇಬ್ಭಾಗ ಮಾಡಿ, ನಾಲ್ಕು ಗುರುತಿಗೆಂದೂ ನಾಲ್ಕು ಕ್ರಮಸಂಖ್ಯೆಗೆಂದೂ ಇಟ್ಟರು. ‘ಎಂವಿಐ’ ಎಂದರೆ ಮೂವಿ, ಕ್ಯಾನನ್ ಕ್ಯಾಮೆರಾದ ಮುದ್ರೆ; ‘ಡಿಎಸ್‌ಸಿ’ ಎಂದು ಮೊದಲಾದರೆ ಸೋನಿ ಅಥವಾ ನಿಕಾನ್. ಎಲ್ಲವನ್ನೂ ತುಂಬಿಡುವ ‘ಡಿಸಿಐಎಂ’ ಎಂಬ ಕೋಶದ ಹೆಸರಿಗೆ ಡಿಜಿಟಲ್ ಕ್ಯಾಮೆರಾ ಚಿತ್ರಗಳೆಂದೇ ಅರ್ಥ. ಕ್ರಮಸಂಖ್ಯೆಯು 9999ಕ್ಕೆ ಮುಟ್ಟಿದ ಮೇಲೆ ಮತ್ತೆ 0001. ನಮ್ಮ ಸಂವತ್ಸರದ ಚಕ್ರವೇ ಅಲ್ಲವೆ ಇದು! ಒಂದೇ ಕ್ಯಾಮೆರಾದಿಂದ ವರ್ಷಾಂತರದಲ್ಲಿ ತೆಗೆದ ಎರಡು ಬೇರೆ ಬೇರೆ ದೃಶ್ಯಗಳಿಗೆ ಒಂದೇ ಹೆಸರು ಬರಬಹುದು. ಒಂದರ ಮೇಲೊಂದನ್ನು ನಕಲು ಮಾಡಿದಾಗ ಮೊದಲನೆಯದು ಸದ್ದಿಲ್ಲದೆ ಅಳಿದುಹೋಗಬಹುದು.

‘ವಿಟಿಎಸ್’ ಎಂಬುದು ಡಿವಿಡಿ ತಟ್ಟೆಯ ಭಾಷೆ. ಮೊದಲ ಎರಡಂಕೆ ಕಾರ್ಯಕ್ರಮದ ಸಂಖ್ಯೆ, ಕೊನೆಯದು ತುಂಡಿನ ಸಂಖ್ಯೆ. ಒಂದು ತುಂಡು ಸುಮಾರು ಒಂದು ಗಿಗಾಬೈಟನ್ನು ಮೀರಬಾರದೆಂಬ ನಿಯಮದಿಂದಾಗಿ ಒಂದೇ ಮದುವೆಯು ನಾಲ್ಕು ಕಡತಗಳಾಗಿ ಒಡೆದಿರುತ್ತದೆ. ಮಾಂಗಲ್ಯಧಾರಣೆಯು ಎರಡನೆಯದರ ಕೊನೆಗೆ ಆರಂಭವಾಗಿ ಮೂರನೆಯದರಲ್ಲಿ ಮುಗಿಯುವುದೂ ಉಂಟು. ‘ಎಂಟಿಎಸ್’ ಎಂಬ ಬಾಲವಿದ್ದರೆ ಅದು 2006ರಲ್ಲಿ ಸೋನಿ, ಪ್ಯಾನಸೋನಿಕ್ ಸಂಸ್ಥೆಗಳು ಕೂಡಿ ತಂದ ಪದ್ಧತಿಯ ಕ್ಯಾಮೆರಾದ್ದು. ಹೆಲ್ಮೆಟ್ಟಿಗೆ ಸಿಕ್ಕಿಸುವ ಗೋಪ್ರೋ ಕ್ಯಾಮೆರಾದ ಲೆಕ್ಕ ಎಲ್ಲಕ್ಕಿಂತ ವಕ್ರ: ‘ಜಿಎಕ್ಸ್020123’ ಎಂದರೆ ಇಪ್ಪತ್ತು ಸಾವಿರದ ಚಿಲ್ಲರೆಯಲ್ಲ, 0123ನೆಯ ಚಿತ್ರದ 02ನೆಯ ಭಾಗ. ಇದರಿಂದ ಹೆಸರಿನ ಅನುಕ್ರಮದಲ್ಲಿ ಜೋಡಿಸಿದಾಗ ಒಂದೇ ಚಿತ್ರದ ಭಾಗಗಳು ಅಲ್ಲೊಂದು ಇಲ್ಲೊಂದಾಗಿ ಚೆದರಿಹೋಗುತ್ತವೆ. ಇಂಥ ಹೆಸರನ್ನು ಯೋಚಿಸಿದ ಜಾಣರು ತಮ್ಮ ಮನೆಯ ಮದುವೆಯನ್ನು ಎಂದೂ ಹುಡುಕಿದವರಲ್ಲವೆಂದು ತೋರುತ್ತದೆ.

ಬರಿಯ ಹತ್ತು ಅಂಕೆಗಳ ಹೆಸರು ಕಂಡರೂ ಹೆದರಬೇಕಾಗಿಲ್ಲ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸುವುದು ಅನೇಕ ಯಂತ್ರಗಳ ವಾಡಿಕೆ. ‘1565330400’ ಎಂಬುದನ್ನು ಬಿಡಿಸಿದರೆ 2019ರ ಆಗಸ್ಟ್ 9, ಭಾರತದ ಗಡಿಯಾರದಲ್ಲಿ ಬೆಳಗ್ಗೆ ಹನ್ನೊಂದೂವರೆ ಗಂಟೆ. ಅಂಕೆಗಳು ಹದಿಮೂರಿದ್ದರೆ ಕೊನೆಯ ಮೂರನ್ನು ಬಿಟ್ಟು ಲೆಕ್ಕ ಹಾಕಬೇಕು. ಅವು ಸೆಕೆಂಡಿನ ಸಾವಿರದಂಶಗಳು.

ಸೂರ್ಯೋದಯವೂ ಗ್ರೀನಿಚ್ಚೂ

ಫೋನಿನಲ್ಲಿ ತೆಗೆದ ಚಿತ್ರದ ಹೆಸರು ಸಾಮಾನ್ಯವಾಗಿ ‘ವಿಐಡಿ’ ಎಂದು ಮೊದಲಾಗಿ, ವರ್ಷ, ತಿಂಗಳು, ದಿನಗಳ ಎಂಟು ಅಂಕೆಗಳೂ ಗಂಟೆ, ನಿಮಿಷ, ಸೆಕೆಂಡುಗಳ ಆರು ಅಂಕೆಗಳೂ ಅದನ್ನು ಹಿಂಬಾಲಿಸುವುವು. ಇದರಲ್ಲಿ ಗೂಢವೇನೂ ಇಲ್ಲ. ಆದರೆ ಗೂಗಲ್ ಸಂಸ್ಥೆಯ ಪಿಕ್ಸೆಲ್ ಫೋನುಗಳಲ್ಲಿ ‘ಪಿಎಕ್ಸ್‌ಎಲ್’ ಎಂದು ಮೊದಲಾಗುವ ಹೆಸರಿನ ಗಂಟೆಯು ನಮ್ಮ ಊರಿನದಲ್ಲ, ಸಾರ್ವತ್ರಿಕ ಕಾಲಮಾನದ್ದು, ಅಂದರೆ ಗ್ರೀನಿಚ್ಚಿನದು. ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಫೆಬ್ರವರಿ 10ರ ಬೆಳಗಿನ ಜಾವ ನಾಲ್ಕೂವರೆಗೆ ನಡೆದ ಹೋಮದ ಚಿತ್ರಕ್ಕೆ ಫೆಬ್ರವರಿ 9ರ ರಾತ್ರಿ ಹನ್ನೊಂದು ಗಂಟೆಯೆಂಬ ಹೆಸರು ಬೀಳುತ್ತದೆ. ಮನೆಯ ಹಿರಿಯರು ‘ಇದು ಆ ದಿನದ್ದಲ್ಲ’ ಎಂದು ಪಕ್ಕಕ್ಕೆ ಸರಿಸಿದರೆ ಅವರ ತಪ್ಪೇನು?

ಒಂದು ವಿನೋದವನ್ನು ಇಲ್ಲಿ ಹೇಳದಿರಲಾಗದು. ಪಂಚಾಂಗದ ದಿನವು ನಡುರಾತ್ರಿಗೆ ಮೊದಲಾಗುವುದಿಲ್ಲ, ಸೂರ್ಯೋದಯಕ್ಕೆ ಮೊದಲಾಗುತ್ತದೆ. ಬೆಳಗಿನ ನಾಲ್ಕೂವರೆ ಗಂಟೆಯು ಪುರೋಹಿತರ ಲೆಕ್ಕದಲ್ಲಿಯೂ ಹಿಂದಿನ ವಾರಕ್ಕೇ ಸೇರಿದುದು. ಗ್ರೀನಿಚ್ಚಿನ ನಡುರಾತ್ರಿಯೆಂದರೆ ನಮ್ಮಲ್ಲಿ ಬೆಳಗಿನ ಐದೂವರೆ. ಶೃಂಗೇರಿಯಲ್ಲಿ ಹೊತ್ತು ಮೂಡುವುದಕ್ಕೆ ಸ್ವಲ್ಪ ಮುಂಚೆ. ಅಮೆರಿಕದ ಕಂಪೆನಿಯ ಫೋನು ದಿನ ಬದಲಿಸುವ ಹೊತ್ತಿಗೂ ಮಲೆನಾಡಿನ ಜೋಯಿಸರು ದಿನ ಬದಲಿಸುವ ಹೊತ್ತಿಗೂ ಒಂದೂವರೆ ಗಂಟೆಯ ಅಂತರವೂ ಇಲ್ಲದಿರುವುದು ಕಾಕತಾಳೀಯವೇ ಆದರೂ ಸೊಗಸಾದುದು.

ಕಡತದ ಹೊರಗಿನ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಆದುದರಿಂದ ಒಳಗಿನ ಗುರುತುಗಳೇ ಮುಖ್ಯ. ಎಂಪಿ4 ಬಗೆಯ ಕಡತದೊಳಗೆ ಚಿತ್ರವು ಹುಟ್ಟಿದ ಕಾಲವನ್ನು 1904ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸಿ ಬರೆದಿಡುವರು. ಆಪಲ್ ಸಂಸ್ಥೆಯ ಹಳೆಯ ಮ್ಯಾಕಿಂಟಾಷ್ ಯಂತ್ರದ ಶಕಾರಂಭ ಅದು. 1991ರ ಕ್ವಿಕ್‌ಟೈಮಿನ ಮೂಲಕ ಎಂಪಿ4ಕ್ಕೂ ಇಳಿದುಬಂದಿತು. ಅಲ್ಲಿ ಕಾಲವನ್ನು ಬರೆಯದೆ ಸೊನ್ನೆಯನ್ನೇ ಬಿಟ್ಟಿದ್ದರೆ, ಓದುವ ಯಂತ್ರವು 1904ರ ಜನವರಿ 1 ಎಂದು ಗಂಭೀರವಾಗಿ ತೋರಿಸುವುದುಂಟು. ಆ ವರ್ಷ ಶೃಂಗೇರಿಯ ಪೀಠದಲ್ಲಿದ್ದವರು ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು. ಅವರ ಕಾಲದ ಬಣ್ಣದ ವಿಡಿಯೋ ದೊರೆಯಿತೆಂದು ಯಾರೂ ಹಿಗ್ಗಬೇಕಾಗಿಲ್ಲ.

ಇನ್ನೊಂದು ಗುರುತು ಸ್ಥಳದ್ದು. ಫೋನು ಅನುಮತಿ ಪಡೆದಿದ್ದರೆ ‘+13.42+075.25’ ಎಂಬಂಥ ಅಂಕೆಗಳು ಕಡತದಲ್ಲಿ ಸೇರುತ್ತವೆ. ಅದು ಶೃಂಗೇರಿಯ ಅಕ್ಷಾಂಶ, ರೇಖಾಂಶ. ಹತ್ತು ವರ್ಷಗಳ ಮೇಲೆ ‘ಇದು ಯಾವ ಹೊಳೆ?’ ಎಂದು ಕೇಳುವ ಮೊಮ್ಮಗನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಮನೆಯೊಳಗೆ ತೆಗೆದ ಚಿತ್ರವನ್ನು ಅಪರಿಚಿತರಿಗೆ ಕಳುಹಿಸುವಾಗ ಮಾತ್ರ ಈ ಅಂಕೆಗಳನ್ನು ತೆಗೆದುಹಾಕುವುದು ಲೇಸು. ಅವು ಮನೆಯ ಬಾಗಿಲನ್ನೇ ತೋರಿಸಿಕೊಡುತ್ತವೆ. ಇವೆಲ್ಲವನ್ನೂ ಓದಿ ತೋರಿಸುವ ‘ಮೀಡಿಯಾಇನ್ಫೋ’, ‘ಎಕ್ಸಿಫ್‌ಟೂಲ್’ ಎಂಬ ಸಾಧನಗಳು ಹಣವಿಲ್ಲದೆ ದೊರೆಯುತ್ತವೆ.

ಹೊಳೆಯ ನೀರು ಯಾವ ವರ್ಷದ್ದು?

ಮಳೆಗಾಲದಲ್ಲಿ ತುಂಗೆಯು ಉಕ್ಕಿ ಶೃಂಗೇರಿಯ ಗಾಂಧಿ ಮೈದಾನಕ್ಕೆ ನೀರು ನುಗ್ಗುವುದು ಊರವರಿಗೆ ಪರಿಚಿತ ದೃಶ್ಯ. ಇಂಥ ದೃಶ್ಯಗಳ ಒಂದು ದೋಷವೆಂದರೆ, ಅವು ಎಲ್ಲ ವರ್ಷಗಳಲ್ಲಿಯೂ ಒಂದೇ ರೀತಿ ಕಾಣುತ್ತವೆ. ಹಿಂದಿನ ಯಾವುದೋ ನೆರೆಯ ಚಿತ್ರವು ‘ಈಗಷ್ಟೇ’ ಎಂಬ ಒಕ್ಕಣೆಯೊಡನೆ ವಾಟ್ಸಾಪಿನಲ್ಲಿ ಬಂದಿಳಿದರೆ ಬೆಂಗಳೂರಿನಲ್ಲಿರುವ ಮಗಳು ಗಾಬರಿಯಾಗುವಳು. ದರ್ಶನಕ್ಕೆ ಹೊರಟವರು ಪ್ರಯಾಣ ನಿಲ್ಲಿಸುವರು. ಅದಕ್ಕಿಂತ ಕೆಟ್ಟುದೆಂದರೆ, ಇಂಥವನ್ನು ಎರಡು ಸಲ ಕಂಡು ಬೇಸತ್ತವರು ನಿಜವಾದ ಎಚ್ಚರಿಕೆಯನ್ನೂ ಮೂರನೆಯ ಸಲ ನಂಬದೆ ಹೋಗುವರು.

ಹೀಗೆ ಬಂದ ಕಡತದ ಹೆಸರು ‘ವಿಐಡಿ’, ಎಂಟು ಅಂಕೆ, ಆಮೇಲೆ ‘ಡಬ್ಲ್ಯೂಎ0007’ ಎಂಬಂತಿರುತ್ತದೆ. ಎಂಟು ಅಂಕೆಗಳನ್ನು ನೋಡಿ ಚಿತ್ರ ತೆಗೆದ ದಿನವೆಂದು ಹಲವರು ನಂಬುವರು. ಅದು ಚಿತ್ರ ತೆಗೆದ ದಿನವಲ್ಲ. ಕಡತವು ಆ ಫೋನಿಗೆ ಬಂದಿಳಿದ ದಿನ. 0007 ಎಂದರೆ ಆ ದಿನದ ಎಣಿಕೆಯಲ್ಲಿ ಅದರ ಸಂಖ್ಯೆ. ವಾಟ್ಸಾಪು ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಹೆಣೆಯುವುದರಿಂದ ಒಳಗಿದ್ದ ಮೂಲ ಕಾಲವೂ ಸ್ಥಳವೂ ಅಳಿದುಹೋಗುತ್ತವೆ. ಎರಡು ಅಕ್ಷರಗಳು ಒಂದೇ ಜಕಾರವಾದ ‘ಜಬರ್ಜದ್’ ಇಲ್ಲಿ ನೆನಪಿಗೆ ಬರಬೇಕು. ಮೂಲವು ಕೆಡದಂತೆ ಕಳುಹಿಸಬೇಕಾದರೆ ಅದನ್ನು ವಿಡಿಯೋ ಎಂದಲ್ಲದೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಬೇಕು.

ನಕಲಿನ ಇನ್ನೊಂದು ಮೋಸ ವಿಂಡೋಸ್ ಯಂತ್ರಗಳಲ್ಲಿದೆ. ಕಡತವನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡಿದಾಗ ‘ಸೃಷ್ಟಿಯಾದ ದಿನ’ವೆಂದು ನಕಲಿನ ದಿನ ಬೀಳುತ್ತದೆ; ‘ಬದಲಾದ ದಿನ’ವು ಮಾತ್ರ ಹಳೆಯದೇ ಉಳಿಯುತ್ತದೆ. ಹುಟ್ಟುವ ಮೊದಲೇ ಬದಲಾದ ಈ ವಿಚಿತ್ರ ಶಿಶುವಿನ ವಿಷಯದಲ್ಲಿ ಎರಡರಲ್ಲಿ ಹಿಂದಿನ ದಿನವನ್ನೇ ಹೆಚ್ಚು ನಂಬಬೇಕು. ನ್ಯಾಯಾಲಯಗಳಿಗೂ ಈ ಸೂಕ್ಷ್ಮ ತಿಳಿದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಡನೆ ಒಂದು ಪ್ರಮಾಣಪತ್ರವನ್ನು ಒಪ್ಪಿಸಬೇಕು. ಕಡತದ ಒಂದೊಂದು ಅಂಶದಿಂದಲೂ ಲೆಕ್ಕ ಹಾಕಿ ಪಡೆದ ‘ಹ್ಯಾಷ್’ ಎಂಬ ಸಂಖ್ಯೆಯನ್ನು ಅದರಲ್ಲಿ ಕಾಣಿಸಬೇಕು. ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ತೋಟದ ಬೇಲಿಯ ತಕರಾರಿಗೆ ಫೋನಿನ ಚಿತ್ರವನ್ನು ಸಾಕ್ಷಿಯಾಗಿ ಇಟ್ಟುಕೊಂಡವರು ಮೂಲ ಫೋನನ್ನು ಮಾರಿಬಿಡುವ ಮುನ್ನ ಯೋಚಿಸುವುದೊಳಿತು.

ಯಂತ್ರಕ್ಕೆ ತಿಳಿಯದುದು

ಇಷ್ಟೆಲ್ಲ ಗುರುತುಗಳಿದ್ದರೂ ಯಂತ್ರವು ಒಂದನ್ನು ಬರೆದಿಡಲಾರದು: ಚಿತ್ರದಲ್ಲಿರುವವರು ಯಾರು? ಕ್ಯಾಸೆಟ್ಟಿನ ಕಾಲದಲ್ಲಿ ಈ ಕೆಲಸವನ್ನು ಬೆನ್ನಿನ ಮೇಲಿನ ಚೀಟಿಯು ಮಾಡುತ್ತಿತ್ತು. ಅಂಥ ಕ್ಯಾಸೆಟ್ಟೊಂದರ ಮೇಲೆ ಅಜ್ಜನು ಸೀಸದಕಡ್ಡಿಯಲ್ಲಿ ‘ಶುಕ್ಲ, ಆಶ್ವಯುಜ, ಪಟ್ಟಾಭಿಷೇಕ’ ಎಂದು ಬರೆದಿಟ್ಟಿರುವನೆಂದು ಊಹಿಸೋಣ. ಮೊಮ್ಮಗನು ಅದನ್ನು ಆಶ್ವಯುಜ ಮಾಸದ ಶುಕ್ಲಪಕ್ಷವೆಂದು ಓದಿ, ವರ್ಷವನ್ನು ಹೇಳಿಲ್ಲವಲ್ಲಾ ಎಂದು ಕೈಚೆಲ್ಲುವನು. ಆದರೆ ಪ್ರಭವದಿಂದ ಮೂರನೆಯ ಸಂವತ್ಸರದ ಹೆಸರೂ ಶುಕ್ಲವೇ. ಅದು 1989ರ ಯುಗಾದಿಗೆ ಮೊದಲಾಯಿತು. ಆ ವರ್ಷದ ಸೆಪ್ಟೆಂಬರ್ 21ರಂದು ಅಭಿನವ ವಿದ್ಯಾತೀರ್ಥರು ಬ್ರಹ್ಮೀಭೂತರಾದರು. ಅಕ್ಟೋಬರ್ 19ರಂದು ಭಾರತೀತೀರ್ಥರು ಪೀಠವನ್ನೇರಿದರು. ಚೀಟಿಯಲ್ಲಿ ವರ್ಷವೂ ಇತ್ತು, ಸಂದರ್ಭವೂ ಇತ್ತು. ಓದುವ ಕೀಲಿಯೊಂದು ಮಾತ್ರ ಕೈತಪ್ಪಿತ್ತು. ಅರವತ್ತು ವರ್ಷ ಹಿಂದಿನ ಶುಕ್ಲವೇಕಾಗಬಾರದೆಂದರೆ, 1929ರಲ್ಲಿ ವಿಡಿಯೋ ಕ್ಯಾಸೆಟ್ಟೇ ಇರಲಿಲ್ಲ. ಕಾಗದವನ್ನು ಸ್ವಾಮಿಗಳ ಹೆಸರಿನಿಂದ ಗುರುತಿಸಿದಂತೆ ಇಲ್ಲಿ ವಸ್ತುವೇ ಸಾಕ್ಷಿ ನುಡಿಯುತ್ತದೆ.

ಅಂಥ ಕ್ಯಾಸೆಟ್ಟನ್ನು ಅಂಗಡಿಗೆ ಕೊಟ್ಟು ಕಂಪ್ಯೂಟರಿಗೆ ಇಳಿಸಿದಾಗ ಕಡತದೊಳಗೆ ಬೀಳುವುದು ಇಳಿಸಿದ ದಿನದ ಮುದ್ರೆ. ಚೀಟಿಯ ಬರಹವು ಕ್ಯಾಸೆಟ್ಟಿನೊಡನೆ ಕಸಕ್ಕೆ ಹೋಗುತ್ತದೆ. ಆದುದರಿಂದ ಮೊದಲು ಚೀಟಿಯ ಫೋಟೋ ತೆಗೆದು ಅದೇ ಕೋಶದಲ್ಲಿ ಇಡಬೇಕು. ಕಡತಕ್ಕೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಎಂಬ ಕ್ರಮವನ್ನೇ ಹಿಡಿದರೆ ಯಂತ್ರವು ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸಿಕೊಡುತ್ತದೆ; 1988ರಲ್ಲಿ ಅಂತರರಾಷ್ಟ್ರೀಯ ಮಾನಕವಾದುದೂ ಇದೇ ಕ್ರಮ. ‘1989-10-19 ಶೃಂಗೇರಿ ಪಟ್ಟಾಭಿಷೇಕ 1’ ಎಂದರೆ ಮುಗಿಯಿತು. ಯಂತ್ರವಿಟ್ಟ ಹಳೆಯ ಹೆಸರನ್ನೂ ಕೊನೆಯಲ್ಲಿ ಉಳಿಸಿಕೊಂಡರೆ ಮುಂದೆ ಸಂದೇಹ ಬಂದಾಗ ಮೂಲಕ್ಕೆ ಹೋಗಲು ದಾರಿಯಿರುತ್ತದೆ. ಎಡದಿಂದ ಬಲಕ್ಕೆ ನಿಂತವರ ಹೆಸರು, ಸಂಬಂಧ, ಊರು, ಇವನ್ನು ಒಂದು ಸಾದಾ ಬರಹದ ಕಡತದಲ್ಲಿ ಜೊತೆಗಿಡಬೇಕು.

ಈ ಕೊನೆಯ ಕೆಲಸಕ್ಕೆ ಯಾವ ಸಾಧನವೂ ಒದಗದು. ಮಳೆ ಹಿಡಿದು ತೋಟದ ಕೆಲಸ ನಿಂತ ದಿನಗಳಲ್ಲಿ ಅಜ್ಜಿಯನ್ನು ಪರದೆಯ ಮುಂದೆ ಕುಳ್ಳಿರಿಸಿ, ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ಕೇಳಬೇಕು. ಆಕೆಯು ‘ಅದೋ, ಬೆಳ್ಳಿ ಚೊಂಬು ಹಿಡಿದವಳು ನನ್ನ ಚಿಕ್ಕಮ್ಮ’ ಎನ್ನುವಳು. ಕೇಳಿದವರು ಒಡನೆ ಬರೆದುಕೊಳ್ಳಬೇಕು, ನಿಮಿಷ ಸೆಕೆಂಡುಗಳ ಸಹಿತ.